ಹಳೆ ಚರ್ಚಿನ ಗೋಡೆಗೆ ಸಿಮೆಂಟ್ ಬೇಡ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಹಬ್ಬ ಹತ್ತಿರವಾದಂತೆ ಬೆಂಗಳೂರು ಸುತ್ತಲಿನ ಹಳ್ಳಿ ಚರ್ಚುಗಳಲ್ಲಿ ಸಾರಣೆ, ಬಣ್ಣದ ಕೆಲಸ ಜೋರಾಗುತ್ತದೆ. ಮುಂದಿನ ವರ್ಷದ ಹೊತ್ತಿಗೆ ಅದೇ ಬಣ್ಣ ಹಪ್ಪಳದಂತೆ ಎದ್ದು ಉದುರುತ್ತದೆ. ಎಲ್ಲರೂ ಬೈಯುವುದು ಪೇಂಟನ್ನು. ತಪ್ಪು ಇರುವುದು ಅದರಡಿಯ ಸಿಮೆಂಟಿನಲ್ಲಿ.

17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಜೆಸ್ವಿತ್ (ಯೇಸುಸಭೆಯ) ಗುರುಗಳು ಆರಂಭಿಸಿದ ಮೈಸೂರು ಮಿಷನ್ ಆಮೇಲೆ ಪ್ಯಾರಿಸ್ಸಿನ ಮಿಷನರಿಗಳ ಕೈಗೆ ಬಂತು. ಶಿವಾಜಿನಗರದ ಬೆಸಿಲಿಕಾ ಕೂಡ 1818ರಲ್ಲಿ ಫ್ರೆಂಚ್ ಮಿಷನರಿ ಅಬ್ಬೆ ದ್ಯುಬುವಾ ಕಟ್ಟಿಸಿದ ಪುಟ್ಟ ಗುಡಿಯಿಂದ ಬೆಳೆದದ್ದು. ಈಗಿನ ಗಾಥಿಕ್ ಕಟ್ಟಡ 1882ರದು. ಹಳ್ಳಿ ಚರ್ಚುಗಳಿಗೆ ಆ ವೈಭವವಿಲ್ಲ. ದಪ್ಪ ಗಾರೆ ಗೋಡೆ, ಬಾಗಿಲ ಮೇಲೆ ಗಾಯಕರ ಅಟ್ಟ, ಬಾಗಿಲ ಪಕ್ಕದಲ್ಲೇ ಜ್ಞಾನಸ್ನಾನದ (ಬ್ಯಾಪ್ಟಿಸಂ) ಕಲ್ಲಿನ ತೊಟ್ಟಿ. ಧರ್ಮಸಭೆಯೊಳಗೆ ಕಾಲಿಡುವುದೇ ಜ್ಞಾನಸ್ನಾನದಿಂದ, ಅದಕ್ಕೇ ಅದರ ಜಾಗ ಅಲ್ಲಿ. ಬಲಿಪೀಠದ ಮುಂದಿನ ಕಟಕಟೆ ಮಾತ್ರ 1962–65ರ ದ್ವಿತೀಯ ವ್ಯಾಟಿಕನ್ ಮಹಾಸಭೆಯ (ಕಥೋಲಿಕ ಬಿಷಪರ ಜಾಗತಿಕ ಸಭೆ) ನಂತರ ಬಹಳ ಕಡೆ ಹೋಯಿತು.

ಇಂಥ ಕಟ್ಟಡಗಳ ಪಾಯದಲ್ಲಿ ತೇವ ತಡೆಯುವ ಪದರವಿರುವುದಿಲ್ಲ. ನೆಲದ ನೀರು ಗೋಡೆಗೆ ಏರುತ್ತದೆ, ಸುಣ್ಣದ ಸಾರಣೆಯ ಮೂಲಕ ಆರಿಹೋಗುತ್ತದೆ. ಮೇಲೆ ಸಿಮೆಂಟ್ ಬಳಿದರೆ ದಾರಿ ಕಟ್ಟಿದಂತೆ. ತೇವ ಮೊಣಕಾಲಿನಿಂದ ಎದೆಮಟ್ಟಕ್ಕೆ ಏರುತ್ತದೆ, ಜೊತೆಗೆ ಬಂದ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಪುಡಿ ಮಾಡುತ್ತದೆ. ಅಂಗಳಕ್ಕೆ ಗೋಡೆ ಮುಟ್ಟುವಂತೆ ಟೈಲ್ಸ್ ಹಾಕಿಸಿದ್ದರಂತೂ ಕೇಳುವುದೇ ಬೇಡ.

ಮೊದಲು ಗೋಡೆಗುಂಟ ಒಂದೂವರೆ ಅಡಿ ಟೈಲ್ಸ್ ಕಿತ್ತು, ಜಲ್ಲಿ ಕಲ್ಲು ತುಂಬಿ, ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡಿ. ತೇವದ ಗುರುತಿಗಿಂತ ಎರಡಡಿ ಮೇಲಿನವರೆಗೆ ಸಿಮೆಂಟ್ ಕೆತ್ತಿ ತೆಗೆದು, ಒಂದು ಬೇಸಿಗೆ ಪೂರ್ತಿ ಗೋಡೆ ಆರಲು ಬಿಡಿ. ಸಾರಣೆಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಮರಳಿನಲ್ಲಿ ಸ್ವಲ್ಪ ಭಾಗ ಇಟ್ಟಿಗೆ ಪುಡಿಯಾದರೆ ಇನ್ನೂ ಒಳ್ಳೆಯದು. ಸುಣ್ಣ ಕನಿಷ್ಠ ಎರಡು ವಾರ ನೀರಿನಲ್ಲಿ ನೆನೆದಿರಬೇಕು, ಸೋಸಿರಬೇಕು. ಅರಳದ ಹರಳು ಉಳಿದರೆ ಆಮೇಲೆ ಗೋಡೆಯಲ್ಲಿ ಸಿಡಿದು ಗುಳಿ ಬೀಳುತ್ತದೆ. ಒಂದು ಪದರ ಅರ್ಧ ಅಂಗುಲ ಮೀರಬಾರದು. ವಾರವಾದರೂ ಒದ್ದೆ ಗೋಣಿ ಕಟ್ಟಿ ಬಿಸಿಲು ತಪ್ಪಿಸಬೇಕು. ಮೇಲೆ ಸುಣ್ಣವೇ ಬಳಿಯಿರಿ, ಎಮಲ್ಷನ್ ಪೇಂಟ್ ಬೇಡ.

ಮದ್ರಾಸ್ ಟೆರೇಸ್ (ಮರದ ಜಂತೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮಟ್ಟಸ ಚಾವಣಿ) ಸೋರಿದರೆ ಮೇಲೊಂದು ಕಾಂಕ್ರೀಟ್ ಸುರಿಯುವುದು ಇನ್ನೊಂದು ಚಾಳಿ. 3 ಅಂಗುಲ ಕಾಂಕ್ರೀಟ್ ಎಂದರೆ ಚದರಡಿಗೆ ಸುಮಾರು 17 ಕೆ.ಜಿ. ಹೆಚ್ಚುವರಿ ಭಾರ. ಅದನ್ನು ಹೊರಬೇಕಾದ ಜಂತೆಗಳ ತುದಿ ಗೋಡೆಯೊಳಗೆ ಆಗಲೇ ಲಡ್ಡಾಗಿರಬಹುದು. ಮೊಳೆ ಚುಚ್ಚಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಆಗಸ್ಟ್ ಮಳೆಯಲ್ಲಿ ನೆಂದ ಗೋಡೆಗೆ ಏನು ಬಳಿದರೂ ದಂಡ. ಹಬ್ಬಕ್ಕೆ ದೀಪ, ತೋರಣ ಸಾಕು. ಧರ್ಮಕೇಂದ್ರದ ಗುರುಗಳು, ಸಮಿತಿಯವರು ಗೋಡೆ ಕೆಲಸವನ್ನು ಫೆಬ್ರುವರಿಯಲ್ಲಿ ಶುರು ಮಾಡಲಿ, ಸುಣ್ಣದ ಗಾರೆ ಬಲ್ಲ ಮೇಸ್ತ್ರಿಯನ್ನು ಈಗಲೇ ಗೊತ್ತುಮಾಡಿಕೊಳ್ಳಲಿ.

– ಹಳೆ ಕಟ್ಟಡಗಳ ದುರಸ್ತಿ ಕೆಲಸದವರು, ಬೆಂಗಳೂರು