ಆದೇಶ ಬಂತು, ಹಣ ಬರಲಿಲ್ಲ

ಮಾನ್ಯ ಸಂಪಾದಕರೇ,

ಡೊಂಬಿವಲಿಯ ನಮ್ಮ ಮನೆಯ ಅಡುಗೆಕೋಣೆಗೆ ಕಪಾಟು ಮಾಡಿಸಲು 48,000 ರೂಪಾಯಿ ಮುಂಗಡ ಕೊಟ್ಟಿದ್ದೆವು. ಕಪಾಟು ಬರಲಿಲ್ಲ. ಬಡ್ಡಿಸಹಿತ ಹಣ ಹಿಂದಿರುಗಿಸಿ ಎಂದು ಜಿಲ್ಲಾ ಗ್ರಾಹಕರ ಆಯೋಗ ಹೇಳಿ ಏಳು ತಿಂಗಳಾಯಿತು. ಅಂಗಡಿಯವರು ಫೋನ್ ಎತ್ತುವುದಿಲ್ಲ, ರಿಜಿಸ್ಟರ್ಡ್ ಪತ್ರ ಎರಡು ಸಲ ವಾಪಸ್ ಬಂತು.

ಗೆದ್ದವರೇ ಮತ್ತೆ ಅರ್ಜಿ ಹಾಕಬೇಕೆಂದು ತಿಳಿದದ್ದು ಆಗಲೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 71ನೇ ಸೆಕ್ಷನ್ನಿನಡಿ, ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆ (ತೀರ್ಪಿನ ಆದೇಶದಂತೆ), ಅಂಗಡಿಯವರ ಬ್ಯಾಂಕ್ ಖಾತೆಯ ಜಪ್ತಿ ಕೇಳಬಹುದು. 72ರಡಿ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 25,000 ರೂಪಾಯಿ ದಂಡ, ಅಥವಾ ಎರಡೂ. ಆದರೆ ಆ ಖಾತೆಯನ್ನು ಹುಡುಕಿಕೊಡುವವರು ಯಾರು? ನಮ್ಮವರು ಮುಂಗಡವನ್ನು ಚೆಕ್ಕಿನಲ್ಲಿ ಕೊಟ್ಟಿದ್ದರಿಂದ ಅಂಗಡಿಯ ಬ್ಯಾಂಕ್ ಯಾವುದೆಂದು ಗೊತ್ತಾಯಿತು. ನಗದು ಕೊಟ್ಟವರ ಗತಿ? ಆದೇಶದ ದಿನವೇ ಎದುರು ಪಕ್ಷದವರಿಂದ ಆಸ್ತಿ, ಖಾತೆಗಳ ವಿವರ ಬರೆಸಿಕೊಳ್ಳುವ ಏರ್ಪಾಡನ್ನು ಸರ್ಕಾರ ಮಾಡಲಿ.

– ಓದುಗಳು, ಡೊಂಬಿವಲಿ