ವ್ಯಸನ ಚಿಕಿತ್ಸೆ: ವಾರ್ಡ್ ಮಟ್ಟದಲ್ಲೇ ತರಬೇತಿ ಬೇಕು

ಮಾನ್ಯ ಸಂಪಾದಕರೇ,

ವರ್ಷಗಟ್ಟಲೆ ಕುಡಿದವರು ಮದ್ಯವನ್ನು ಒಮ್ಮೆಲೇ ನಿಲ್ಲಿಸಿದರೆ ಎರಡು-ಮೂರು ದಿನಗಳಲ್ಲೇ ಕೈನಡುಕ, ಭ್ರಮೆ, ಫಿಟ್ಸ್ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯ ಒದಗಬಹುದು. ನಮ್ಮ ಬೀದಿಯ ಗಾರೆ ಕೆಲಸದವರೊಬ್ಬರು ಕುಡಿತ ಬಿಡುವ ಮನಸ್ಸು ಮಾಡಿ ಹತ್ತಿರದ ವೈದ್ಯರ ಬಳಿ ಹೋದಾಗ, ‘ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಎಂಬ ಬುದ್ಧಿಮಾತಷ್ಟೇ ಸಿಕ್ಕಿತು. ಎರಡನೆಯ ರಾತ್ರಿ ಅವರಿಗೆ ಫಿಟ್ಸ್ ಬಂದು ಆಸ್ಪತ್ರೆಗೆ ಒಯ್ಯಬೇಕಾಯಿತು. ಆ ಕುಟುಂಬದ ಗಾಬರಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮದ್ಯ ಅವಲಂಬನೆಗೆ ಒಳಗಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ದೊರೆತಿದೆ ಎಂದು ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಹೇಳುತ್ತದೆ. ವ್ಯಸನ ಚಿಕಿತ್ಸೆಗೆ ಹೆಸರಾದ ನಿಮ್ಹಾನ್ಸ್ ನಮ್ಮ ಊರಿನಲ್ಲೇ ಇರುವಾಗ, ಅಲ್ಲಿನ ತಜ್ಞರ ನೆರವಿನಿಂದ ವಾರ್ಡ್ ಮಟ್ಟದ ಸರ್ಕಾರಿ ಚಿಕಿತ್ಸಾಲಯಗಳಾದ ‘ನಮ್ಮ ಕ್ಲಿನಿಕ್’ಗಳ ವೈದ್ಯರು, ಶುಶ್ರೂಷಕಿಯರು ಮತ್ತು ಆಶಾ ಕಾರ್ಯಕರ್ತೆಯರಿಗೆ ನಿಯಮಿತವಾಗಿ ತರಬೇತಿ ಕೊಡಿಸುವುದು ಕಷ್ಟವೇನಲ್ಲ. ವ್ಯಸನವನ್ನು ಬೇಗ ಗುರುತಿಸುವುದು, ಅಪಾಯವಿದ್ದರೆ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು ಮಾತ್ರವಲ್ಲದೆ, ತಕ್ಷಣ ಬಿಡಲಾಗದವರನ್ನು ಹೀಯಾಳಿಸದೆ, ಮಾದಕವಸ್ತು ಚುಚ್ಚಿಕೊಳ್ಳಲು ಒಂದೇ ಸೂಜಿ ಹಂಚಿಕೊಳ್ಳುವುದರಿಂದ ಹರಡುವ ಎಚ್‌ಐವಿಯಂಥ ಸೋಂಕುಗಳಿಂದ ಅವರನ್ನು ಕಾಪಾಡುವ ವಿಧಾನವೂ ಪಾಠದಲ್ಲಿರಬೇಕು. ಆರೋಗ್ಯ ಇಲಾಖೆಯು ಇದನ್ನು ಈ ವರ್ಷವೇ ಆರಂಭಿಸಲಿ.

— ನಿವೃತ್ತ ಶುಶ್ರೂಷಕಿ, ರಾಜಾಜಿನಗರ, ಬೆಂಗಳೂರು