ಪಿಕಪ್ ಚಕ್ರ ಎಷ್ಟು ಭಾರ ಹೊರುತ್ತದೆ, ಬಿಲ್‌ನಲ್ಲಿ ಬರೆದುಕೊಡಿ

ಸಂಪಾದಕರಿಗೆ ನಮಸ್ಕಾರ,

ಕೋಲಾರ ಎಪಿಎಂಸಿಗೆ ಟೊಮೇಟೊ ತರುವ ಪಿಕಪ್‌ಗಳನ್ನು ಒಮ್ಮೆ ನೋಡಿ. ಕಂಪನಿ ಕೊಟ್ಟ ಕಬ್ಬಿಣದ ಡಿಸ್ಕ್, ಅಂದರೆ ಟೈರ್ ಕೂರುವ ರಿಮ್ ತೆಗೆಸಿ, ಅಗಲದ ಅಲಾಯ್ (ಮಿಶ್ರಲೋಹದ ರಿಮ್) ಮತ್ತು ಅದಕ್ಕೆ ಹೊಂದುವ ಬೇರೆ ಟೈರ್ ಹಾಕಿಸಿದ ಗಾಡಿಗಳೂ ಕಾಣುತ್ತವೆ. ಗಾಡಿ ಚೆನ್ನಾಗಿ ಕಾಣಬೇಕು ಅನ್ನುವ ಆಸೆ ತಪ್ಪಲ್ಲ. ಆದರೆ ಅಂಗಡಿಯಲ್ಲಿ ನಾವು ಕೇಳುವುದು ಎಷ್ಟು ಇಂಚು, ಎಷ್ಟು ರೇಟು, ಬೋಲ್ಟ್ ತೂತು ಕೂರುತ್ತಾ ಅಂತ ಮಾತ್ರ. ಎಷ್ಟು ಭಾರ ಹೊರುತ್ತದೆ ಅಂತ ಕೇಳುವವರು ಕಡಿಮೆ, ಹೇಳುವವರು ಇನ್ನೂ ಕಡಿಮೆ.

ಆ ಭಾರ ತಿಳಿಸುವ ಅಂಕಿ ಟೈರಿನ ಬದಿಯಲ್ಲೇ ಬರೆದಿರುತ್ತದೆ. ಅಳತೆ ಆದ ಮೇಲೆ 106 ಅಂತಿದ್ದರೆ ಒಂದು ಟೈರ್ 950 ಕೆಜಿ ಹೊರುತ್ತದೆ, 91 ಅಂತಿದ್ದರೆ 615 ಕೆಜಿ ಅಷ್ಟೇ. ಈಗ ಲೆಕ್ಕ ಹಾಕಿ. 15 ಕೆಜಿಯ 100 ಬಾಕ್ಸ್ ಅಂದರೆ 1,500 ಕೆಜಿ, ಅದರಲ್ಲಿ ಹೆಚ್ಚಿನ ಪಾಲು ಹಿಂದಿನ ಆಕ್ಸಲ್ ಮೇಲೇ ಕೂರುತ್ತದೆ, ಅದರ ಜೊತೆಗೆ ಗಾಡಿಯ ಸ್ವಂತ ತೂಕವೂ ಇದೆ. ಕಾರಿಗೆ ಅಂತ ಮಾಡಿದ 91ರ ಟೈರ್ ಎರಡು ಸೇರಿದರೂ ಹೊರುವುದು 1,230 ಕೆಜಿ. ಬಿಸಿಲಲ್ಲಿ ಹೈವೇ ಮೇಲೆ ಅದು ಸಿಡಿದರೆ ಡ್ರೈವರ್ ಏನು ಮಾಡಬೇಕು? ರಿಮ್‌ಗೂ ಇಷ್ಟೇ ಭಾರ ಅಂತ ಒಂದು ಮಿತಿ ಇದೆ, ಹಿಂಬದಿಯಲ್ಲಿ ಬರೆದಿದ್ದರೆ ನೋಡಿ, ಬರೆದಿಲ್ಲದಿದ್ದರೆ ಕೊಳ್ಳಲೇಬೇಡಿ.

ಚಕ್ರ ಹೊರಗೆ ಬರಲಿ ಅಂತ ಸ್ಪೇಸರ್, ಅಂದರೆ ರಿಮ್ ಹಿಂದೆ ಕೂರಿಸುವ ದಪ್ಪ ಬಿಲ್ಲೆ ಹಾಕಿಸುವುದು ನನಗೆ ಇನ್ನೂ ಜಾಸ್ತಿ ಭಯ ಹುಟ್ಟಿಸುತ್ತದೆ. ಚಕ್ರ ಹೊರಗೆ ಸರಿದಷ್ಟೂ ಬೇರಿಂಗ್ ಮೇಲೆ ಎಳೆತ ಹೆಚ್ಚು. ನಟ್ ಕೂರುವ ಜಾಗವೂ ಕೆಲವು ರಿಮ್‌ನಲ್ಲಿ ಓರೆ, ಕೆಲವದರಲ್ಲಿ ದುಂಡು, ಹಳೇ ನಟ್ಟನ್ನೇ ಬಿಗಿದರೆ ಆ ಕ್ಷಣಕ್ಕೆ ಗಟ್ಟಿ ಅನ್ನಿಸಿ ಆಮೇಲೆ ಸಡಿಲವಾಗಬಹುದು. ಇನ್ನು ಟೈರ್ ದೊಡ್ಡದಾದರೆ ಮೀಟರ್ ತೋರಿಸುವುದಕ್ಕಿಂತ ಗಾಡಿ ಜೋರಾಗಿ ಓಡುತ್ತಿರುತ್ತದೆ, ಬ್ರೇಕ್‌ಗೂ ಕೆಲಸ ಹೆಚ್ಚು.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿಯಲ್ಲಿ, ಕಾಯ್ದೆ ಒಪ್ಪದ ರೀತಿ ಗಾಡಿ ಬದಲಾಯಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಆದರೆ ನಮ್ಮ ಕೈಗೆ ಸಿಗುವ ಬಿಲ್‌ನಲ್ಲಿ 'ಅಲಾಯ್ ಒಂದು ಸೆಟ್' ಅಂತ ಮಾತ್ರ ಇದ್ದರೆ, ಯಾವ ಮಾಲು ಕೊಟ್ಟರು ಅಂತ ನಾಳೆ ಯಾರನ್ನು ಕೇಳುವುದು?

ಅದಕ್ಕೇ ಅಂಗಡಿಯವರು ಬಿಲ್‌ನಲ್ಲಿ ಅಳತೆಯ ಜೊತೆ ಒಂದೊಂದು ಚಕ್ರ ಹೊರುವ ಭಾರವನ್ನೂ ಬರೆದು ಸಹಿ ಹಾಕಿ ಕೊಡುವಂತೆ ಸಾರಿಗೆ ಇಲಾಖೆ ನಿಯಮ ಮಾಡಲಿ. ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಪರೀಕ್ಷೆಗೆ) ಬಂದ ಪಿಕಪ್‌ನ ಟೈರ್ ಸವೆದಿದೆಯಾ ಅಂತ ನೋಡುವಾಗ ಟೈರ್ ಮೇಲಿನ ಭಾರದ ಅಂಕಿಯನ್ನೂ ಓದಿ, ಕಮ್ಮಿ ಇದ್ದರೆ ಕಂಪನಿ ಡಿಸ್ಕ್, ಅದರ ಟೈರ್ ಹಾಕಿಸಿಕೊಂಡು ಬಾ ಅಂತ ವಾಪಸ್ ಕಳಿಸಲಿ.

– ಒಬ್ಬ ಪಿಕಪ್ ಮಾಲೀಕ, ಶ್ರೀನಿವಾಸಪುರ